ಕೇಳಿದ್ದೊಂದು, ಆಡಿದ್ದೊಂದು: ರೋಲ್‌ಪ್ಲೇಯಿಂಗ್ ಆಟಗಳ ಪುರವಣಿ ಪರಂಪರೆ

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಒಂದು ಆಟ ಹೊರಬಿತ್ತು. ಮರದ ಹಲಗೆಯಂತೆ ಕಾಣುವ ಕಾಗದ ಹೊದಿಸಿದ ಪೆಟ್ಟಿಗೆ, ಒಳಗೆ ಮೂರು ಕಿರುಹೊತ್ತಿಗೆ, ಬೆಲೆ 10 ಡಾಲರ್. ಮೊದಲ ಮುದ್ರಣ 1,000 ಪ್ರತಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', ಚಿಕ್ಕದಾಗಿ 'ಡಿ ಅಂಡ್ ಡಿ', ಅದು. ಮೂರನೆಯ ಹೊತ್ತಿಗೆಯ ಕೊನೆಯಲ್ಲಿ ಓದುಗರಿಗೆ ಹೇಳಿದ ಮಾತಿನ ಸಾರ ಇಷ್ಟು: ಸಂದೇಹ ಬಂದಲ್ಲಿ ನೀವೇ ತೀರ್ಮಾನಿಸಿಕೊಳ್ಳಿ, ನಿಮ್ಮ ಪಾಲಿನ ಕಲ್ಪನೆಯನ್ನೂ ನಾವೇ ಏಕೆ ಮಾಡಬೇಕು? ಹೀಗೆಂದವರೇ ಮರುವರ್ಷ 'ಗ್ರೇಹಾಕ್' ಎಂಬ ಮೊದಲ ಪುರವಣಿಯನ್ನು ಮಾರಾಟಕ್ಕಿಟ್ಟರು. ಅದರ ಬೆನ್ನಿಗೇ 'ಬ್ಲ್ಯಾಕ್‌ಮೂರ್' ಬಂತು, 1976ರಲ್ಲಿ ಇನ್ನೆರಡು ಬಂದವು. ಐವತ್ತು ವರ್ಷಗಳ ಪುರವಣಿ ಪರಂಪರೆ ನಿಂತಿರುವುದು ಈ ಇಬ್ಬಂದಿಯ ಮೇಲೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕಥೆಯ ಲೋಕವನ್ನು ನಡೆಸುತ್ತಾರೆ, ಅವರನ್ನು ಡಂಜನ್ ಮಾಸ್ಟರ್ ಅಥವಾ ಗೇಮ್ ಮಾಸ್ಟರ್ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರ ವಹಿಸಿ, ತಮ್ಮ ಪಾತ್ರ ಏನು ಮಾಡುತ್ತದೆಂದು ಬಾಯಲ್ಲಿ ಹೇಳುತ್ತಾರೆ. ಏನಾಗುತ್ತದೋ ಖಚಿತವಿಲ್ಲದ ಕಡೆ ದಾಳ ಉರುಳುತ್ತದೆ. ತಾಳಮದ್ದಳೆಯಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತಿದ್ದರೂ ಅರ್ಥಧಾರಿಯ ಬಾಯಲ್ಲಿ ಅದು ಹೇಗೆ ಬೆಳೆಯುತ್ತದೆಂಬುದು ಆ ರಾತ್ರಿಗಷ್ಟೇ ಸೇರಿದ್ದು. ಇಲ್ಲಿ ಪ್ರಸಂಗದ ಜಾಗದಲ್ಲಿ ನಿಯಮಗಳಿರುತ್ತವೆ. ಮೂಲ ನಿಯಮಪುಸ್ತಕ ಕೈಯಲ್ಲಿದ್ದರೆ ವರ್ಷಗಟ್ಟಲೆ ಆಡಿಕೊಂಡಿರಬಹುದು. ಪ್ರಕಾಶಕರ ತಲೆನೋವು ಇರುವುದೇ ಇಲ್ಲಿ. ಒಮ್ಮೆ ಕೊಂಡವರು ಮತ್ತೆ ಅಂಗಡಿಯ ಕಡೆ ತಲೆ ಹಾಕಬೇಕಾದ ಅಗತ್ಯವೇ ಇಲ್ಲದ ಸರಕು ಇದು. ಹೊಸ ಪಾತ್ರವರ್ಗ, ಹೊಸ ಮಂತ್ರ, ಹೊಸ ಪ್ರಾಣಿ, ಹೊಸ ನಾಡು, ಸಿದ್ಧಪಡಿಸಿದ ಸಾಹಸಕಥೆ, ಇವನ್ನೆಲ್ಲ ಹೊತ್ತು ಬರುವ ಪುರವಣಿ ಆ ತಲೆನೋವಿಗೆ ಕಂಡುಕೊಂಡ ಮದ್ದು.

ಈ ಪುಸ್ತಕ ಏಕೆ ತಂದಿರಿ ಎಂದರೆ ಪ್ರಕಾಶಕರ ಬಾಯಲ್ಲಿ ಬರುವ ಉತ್ತರ ಬಹುಮಟ್ಟಿಗೆ ಒಂದೇ: ಅಭಿಮಾನಿಗಳು ಕೇಳಿದರು, ಕೊಟ್ಟೆವು. ಈ ಉತ್ತರವನ್ನು ಒಡೆದು ನೋಡಬೇಕು. ಅಭಿಮಾನಿಗಳ ಕಡೆಯಿಂದ ಪ್ರಕಾಶಕರಿಗೆ ತಲುಪುವುದು ಒಂದೇ ಬಗೆಯ ದನಿಯಲ್ಲ. ಆಡುತ್ತಾ ಆಡುತ್ತಾ ತಾವೇ ಮಾಡಿಕೊಂಡ ಹೊಸತು ಒಂದು. ಇನ್ನಷ್ಟು ಬೇಕು, ಬೇರೆ ಬಗೆಯದು ಬೇಕು ಎಂಬ ಬೇಡಿಕೆ ಎರಡನೆಯದು. ನೀವು ಬರೆದದ್ದು ನಮ್ಮನ್ನು ನೋಯಿಸಿದೆ ಎಂಬ ತಕರಾರು ಮೂರನೆಯದು. ಮೊದಲನೆಯದನ್ನು ಗುರುತಿಸಿದಾಗ ಈ ಕ್ಷೇತ್ರದ ಒಳ್ಳೆಯ ಪುಸ್ತಕಗಳು ಹುಟ್ಟಿವೆ, ಎರಡನೆಯದಕ್ಕೆ ತಲೆಬಾಗಿದಾಗ ಕಪಾಟು ತುಂಬಿದೆ. ಮೂರನೆಯದಕ್ಕೆ ಪ್ರಕಾಶಕರು ಕಿವಿಗೊಟ್ಟದ್ದು ತಡವಾಗಿ. ಈ ಲೇಖನದ ವಾದ ಇದು.

ಮೊದಲ ಬಗೆಯ ಚರಿತ್ರೆ ಮೊದಲ ಪುರವಣಿಯಿಂದಲೇ ಶುರುವಾಗುತ್ತದೆ. 1974ರ ಪೆಟ್ಟಿಗೆಯಲ್ಲಿ ಇದ್ದದ್ದು ಮೂರೇ ವರ್ಗ: ಹೋರಾಟಗಾರ, ಮಾಂತ್ರಿಕ, ಪುರೋಹಿತ. ಬೀಗ ತೆರೆಯುವ, ಗೋಡೆ ಹತ್ತುವ, ನೆರಳಲ್ಲಿ ಅಡಗುವ ಕಳ್ಳ ಇಂದು ಈ ಆಟದ ಗುರುತುಗಳಲ್ಲೊಬ್ಬ. ಅವನು ಹುಟ್ಟಿದ್ದು ಲೇಕ್ ಜಿನೀವಾದಲ್ಲಲ್ಲ, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ, ಏರೋ ಹಾಬೀಸ್ ಎಂಬ ಅಂಗಡಿಯಲ್ಲಿ ಸೇರುತ್ತಿದ್ದ ಬಳಗದ ಆಟದಲ್ಲಿ. ಅಂಗಡಿಯ ಗ್ಯಾರಿ ಸ್ವಿಟ್ಜರ್ ಫೋನಿನಲ್ಲಿ ಹೇಳಿದ್ದನ್ನು ಗೈಗ್ಯಾಕ್ಸ್ ತಮ್ಮ ರೀತಿಯಲ್ಲಿ ತಿದ್ದಿ ಬರೆದರು, ಅದು 'ಗ್ರೇಹಾಕ್' ಸೇರಿತು. ಅದೇ ಪುಸ್ತಕದಲ್ಲಿ ಇನ್ನೊಂದು ಬದಲಾವಣೆಯೂ ಇತ್ತು. ಅಲ್ಲಿಯವರೆಗೆ ಚೂರಿಯಿಂದ ಇರಿದರೂ ಎರಡು ಕೈಯ ಕತ್ತಿಯಿಂದ ಹೊಡೆದರೂ ಪೆಟ್ಟು ಒಂದೇ, ಆರು ಮುಖದ ಒಂದು ದಾಳ. 'ಗ್ರೇಹಾಕ್' ಒಂದೊಂದು ಆಯುಧಕ್ಕೆ ಒಂದೊಂದು ದಾಳ ಕೊಟ್ಟಿತು. ಪುರವಣಿ ಎಂಬ ಹೆಸರಿದ್ದರೂ ಅದು ಮಾಡಿದ್ದು ಮೂಲ ಆಟವನ್ನೇ ತಿದ್ದುವ ಕೆಲಸ. ಇಂದು ಯಾರೂ ಪೆಟ್ಟಿಗೆಯ ಮೂಲ ನಿಯಮವನ್ನು 'ಡಿ ಅಂಡ್ ಡಿ' ಎಂದು ನೆನೆಯುವುದಿಲ್ಲ. ನೆನೆಯುವುದು 'ಗ್ರೇಹಾಕ್' ಸೇರಿದ ಮೇಲಿನ ಆಟವನ್ನು.

ಆಟಗಾರರು ಏನು ಮಾಡುತ್ತಿದ್ದಾರೆಂದು ಪ್ರಕಾಶಕರಿಗೇ ಗೊತ್ತಿಲ್ಲದ ನಿದರ್ಶನವೂ ಆ ಕಾಲದಲ್ಲೇ ಸಿಗುತ್ತದೆ. ಇಲಿನಾಯ್ ರಾಜ್ಯದ ಡೆಕೇಟರ್ ಊರಿನ ಬಾಬ್ ಬ್ಲೆಡ್ಸಾ ಮತ್ತು ಬಿಲ್ ಓವೆನ್ 1976ರಲ್ಲಿ ತಮ್ಮ ಆಟದ ನಗರದ ನಕ್ಷೆ, ಬೀದಿ, ಅಂಗಡಿ, ಅಲ್ಲಿನ ಜನರ ವಿವರಗಳನ್ನು ಹಿಡಿದು ಗೈಗ್ಯಾಕ್ಸ್ ಅವರ ಟಿಎಸ್‌ಆರ್ ಕಂಪನಿಗೆ ಹೋದರು. ಹೀಗೆ ಬೇರೆಯವರು ಸಿದ್ಧಪಡಿಸಿದ ಊರನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಎಂಬುದು ಕಂಪನಿಯವರ ಅನಿಸಿಕೆ. ಅವರಿಬ್ಬರೂ ಜಡ್ಜಸ್ ಗಿಲ್ಡ್ ಎಂಬ ಸಂಸ್ಥೆ ಕಟ್ಟಿ, ಪರವಾನಗಿ ಪಡೆದು, 'ಸಿಟಿ ಸ್ಟೇಟ್ ಆಫ್ ದಿ ಇನ್‌ವಿನ್ಸಿಬಲ್ ಓವರ್‌ಲಾರ್ಡ್' ಪ್ರಕಟಿಸಿದರು. ಜನ ಕೊಂಡರು. 1978ರಲ್ಲಿ ಟಿಎಸ್‌ಆರ್ ತನ್ನದೇ ಸಾಹಸಕಥೆಗಳ ಮಾಲೆ ಶುರು ಮಾಡಿತು. ಕೆಲಸದಿಂದ ಮನೆಗೆ ಬಂದು ಶನಿವಾರದ ಆಟಕ್ಕೆ ತಯಾರಾಗಬೇಕಾದ ಡಂಜನ್ ಮಾಸ್ಟರನಿಗೆ ಏನು ಬೇಕೆಂಬುದು ಇನ್ನೊಬ್ಬ ಡಂಜನ್ ಮಾಸ್ಟರನಿಗಷ್ಟೇ ಹೊಳೆದಿತ್ತು.

ಕ್ಯಾಲಿಫೋರ್ನಿಯಾದ ಕೇಯಾಸಿಯಂ ಸಂಸ್ಥೆ ಈ ಗುಟ್ಟನ್ನು ಬೇಗ ಹಿಡಿಯಿತು. 1977ರಲ್ಲಿ ಆಟಗಾರರಿಂದಲೇ ಪ್ರಾಣಿಗಳ ವಿವರ ತರಿಸಿ 'ಆಲ್ ದ ವರ್ಲ್ಡ್ಸ್ ಮಾನ್‌ಸ್ಟರ್ಸ್' ತಂದಿತು. ಸಂಪಾದಕರಲ್ಲೊಬ್ಬರಾದ ಸ್ಟೀವ್ ಪೆರಿನ್, ಡಿ ಅಂಡ್ ಡಿಯ ಕಾದಾಟದ ನಿಯಮಗಳಿಗೆ ತಮ್ಮದೇ ತಿದ್ದುಪಡಿ ಬರೆದು ಹಂಚಿದ್ದ ಅಭಿಮಾನಿ. 1978ರ 'ರೂನ್‌ಕ್ವೆಸ್ಟ್' ಆಟದ ಮುಖ್ಯ ರೂಪಕರ್ತರು ಅವರೇ. ಲವ್‌ಕ್ರಾಫ್ಟ್‌ನ ಭಯಾನಕ ಕಥೆಗಳ ಲೋಕವನ್ನು ರೂನ್‌ಕ್ವೆಸ್ಟ್‌ಗೆ ಒಂದು ಪುರವಣಿಯಾಗಿ ಬರೆಯುತ್ತೇನೆಂದು ಸ್ಯಾಂಡಿ ಪೀಟರ್ಸನ್ ಎಂಬ ಇನ್ನೊಬ್ಬ ಅಭಿಮಾನಿ ಈ ಸಂಸ್ಥೆಗೆ ಬರೆದರು. ಆ ಪತ್ರವ್ಯವಹಾರ ಬೆಳೆದು 1981ರಲ್ಲಿ 'ಕಾಲ್ ಆಫ್ ಕಥೂಲು' ಎಂಬ ಸ್ವತಂತ್ರ ಆಟವೇ ಬಂತು. ಕತ್ತಿ ಹಿಡಿದು ಗೆಲ್ಲುವುದೇ ಆಟವೆಂದಿದ್ದ ಕಾಲದಲ್ಲಿ ಪಾತ್ರದ ಬುದ್ಧಿಸ್ತಿಮಿತವನ್ನೇ ಅಂಕಿಯಾಗಿಸಿ, ತಿಳಿವಳಿಕೆ ಹೆಚ್ಚಿದಷ್ಟೂ ಅದು ಕುಸಿಯುವಂತೆ ಮಾಡಿದ ಆಟ ಇದು. ಪುರವಣಿಯ ಆಸೆಯಿಂದ ಹೊರಟು ಹೊಸ ಪ್ರಕಾರವನ್ನೇ ತಲುಪಿದ ಇಂಥ ಇನ್ನೊಂದು ಉದಾಹರಣೆ ಹುಡುಕುವುದು ಕಷ್ಟ.

ಬ್ರಿಟನ್ನಿನಲ್ಲಿ 'ವೈಟ್ ಡ್ವಾರ್ಫ್' ಪತ್ರಿಕೆ 'ಫೀಂಡ್ ಫ್ಯಾಕ್ಟರಿ' ಎಂಬ ಅಂಕಣದಲ್ಲಿ ಓದುಗರು ಕಳಿಸಿದ ಪ್ರಾಣಿಗಳನ್ನು ಅಚ್ಚುಹಾಕುತ್ತಿತ್ತು. ಡಾನ್ ಟರ್ನ್‌ಬುಲ್ ಅವುಗಳನ್ನು ಕಲೆಹಾಕಿ ಸಂಪಾದಿಸಿದ 'ಫೀಂಡ್ ಫೋಲಿಯೋ' 1981ರಲ್ಲಿ ಟಿಎಸ್‌ಆರ್ ಮುದ್ರೆಯೊಂದಿಗೆ ಹೊರಬಂತು. ಮುಖಪುಟದ ಮೇಲಿದ್ದದ್ದು ಗಿಥ್ಯಾಂಕಿ ಎಂಬ ಯೋಧಕುಲದ ಆಕೃತಿ. ಅದನ್ನು ಕಲ್ಪಿಸಿದ್ದು ಚಾರ್ಲ್ಸ್ ಸ್ಟ್ರಾಸ್, ಆಗಿನ್ನೂ ಹದಿಹರೆಯದ ಹುಡುಗ, ಮುಂದೆ ಹೆಸರಾಂತ ವಿಜ್ಞಾನಕಥಾ ಲೇಖಕ. ಹುಡುಗನೊಬ್ಬ ಅಂಚೆಯಲ್ಲಿ ಕಳಿಸಿದ ಆ ಕುಲ ನಲವತ್ತು ವರ್ಷ ದಾಟಿ 2023ರ 'ಬಾಲ್ಡರ್ಸ್ ಗೇಟ್ 3' ವಿಡಿಯೋ ಗೇಮಿನ ಮುಖ್ಯ ಪಾತ್ರಗಳಲ್ಲೊಂದಕ್ಕೆ ಜನ್ಮ ಕೊಟ್ಟಿದೆ. ಹಾಗೆಂದು 'ಫೀಂಡ್ ಫೋಲಿಯೋ' ಉತ್ತಮ ಪುಸ್ತಕವೇನಲ್ಲ. ಜೊಳ್ಳು ಬಹಳ, ಕೆಲವು ಪ್ರಾಣಿಗಳನ್ನು ನೋಡಿದರೆ ನಗು ಬರುತ್ತದೆ. ಅದು ಬಂದ ವರ್ಷವೇ ಕಟುವಾಗಿ ವಿಮರ್ಶಿಸಿದವರಲ್ಲಿ ಟಿಎಸ್‌ಆರ್‌ನದೇ 'ಡ್ರ್ಯಾಗನ್' ಪತ್ರಿಕೆಯ ಬರಹಗಾರ ಎಡ್ ಗ್ರೀನ್‌ವುಡ್ ಒಬ್ಬರು. ಕೆನಡಾದ ಗ್ರಂಥಾಲಯವೊಂದರಲ್ಲಿ ಕೆಲಸಕ್ಕಿದ್ದ ಗ್ರೀನ್‌ವುಡ್ ಬಾಲ್ಯದಿಂದಲೂ ಒಂದು ಕಲ್ಪಿತ ಲೋಕವನ್ನು ಹೆಣೆಯುತ್ತ, ಅದರಲ್ಲೇ ಗೆಳೆಯರಿಗೆ ಆಟ ನಡೆಸುತ್ತ, ಅದರ ಚೂರುಗಳನ್ನು ಲೇಖನಗಳಲ್ಲಿ ಸೇರಿಸುತ್ತಿದ್ದರು. ಇದರ ಹಿಂದೆ ನಿಜವಾಗಿಯೂ ಒಂದು ಪೂರ್ಣ ಲೋಕವಿದೆಯೇ ಎಂದು ಟಿಎಸ್‌ಆರ್‌ನ ಜೆಫ್ ಗ್ರಬ್ ಕೇಳಿದರು. ಇತ್ತು. 1987ರಲ್ಲಿ ಪೆಟ್ಟಿಗೆಯಾಗಿ ಬಂದ ಆ 'ಫರ್ಗಾಟನ್ ರೆಲ್ಮ್ಸ್' ಇಂದಿಗೂ ಈ ಆಟದ ಅತ್ಯಂತ ಪರಿಚಿತ ನಾಡು. ವಿಮರ್ಶಿಸಿದ ಓದುಗನ ಬಳಿಯೇ ಒಳ್ಳೆಯ ಮಾಲು ಇತ್ತು!

ಇಷ್ಟೆಲ್ಲ ಪಡೆದ ಟಿಎಸ್‌ಆರ್ ಅಭಿಮಾನಿಗಳನ್ನು ಮೆಚ್ಚಿತೇ ಎಂದರೆ, ಇಲ್ಲ. ಲಾಸ್ ಏಂಜಲೀಸ್‌ನಲ್ಲಿ ಲೀ ಗೋಲ್ಡ್ 1975ರಲ್ಲಿ ಶುರು ಮಾಡಿದ 'ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್'ನಂಥ ಆಟಗಾರರ ಖಾಸಗಿ ಪ್ರಕಟಣೆಗಳ ಬಗ್ಗೆ ಗೈಗ್ಯಾಕ್ಸ್‌ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸೀಮೆಯ ಡೇವ್ ಹಾರ್‌ಗ್ರೇವ್ 1977ರಲ್ಲಿ ತಮ್ಮ ಆಟದ ಹುಚ್ಚು ಸಮೃದ್ಧಿಯನ್ನೆಲ್ಲ 'ಆರ್ಡುಯಿನ್ ಗ್ರಿಮ್‌ವಾರ್' ಆಗಿ ಅಚ್ಚುಹಾಕಿದಾಗ ಕಂಪನಿಯಿಂದ ಬಂದದ್ದು ಕಾನೂನಿನ ನೋಟೀಸು. ಸ್ವಂತ ಕಲ್ಪನೆ ಬೆಳೆಸಿಕೊಳ್ಳಿ ಎಂದು ಹುರಿದುಂಬಿಸಿದವರಿಗೆ, ಆ ಕಲ್ಪನೆ ಬೇರೊಬ್ಬರ ಅಚ್ಚಿನ ಮನೆಯಿಂದ ಹೊರಬಂದ ಕೂಡಲೇ ಸಿಟ್ಟು ಬಂತು.

ಎರಡನೆಯ ಬಗೆಗೆ ಬರೋಣ: ಬೇಡಿಕೆ. ಇಲ್ಲೊಂದು ಸರಳ ಲೆಕ್ಕವಿದೆ. ಮೇಜಿಗೆ ಡಂಜನ್ ಮಾಸ್ಟರ್ ಒಬ್ಬ, ಆಟಗಾರರು ನಾಲ್ಕೈದು. ಸಾಹಸಕಥೆ ಕೊಳ್ಳುವವನು ಆ ಒಬ್ಬ, ಪಾತ್ರಕ್ಕೆ ಹೊಸ ಶಕ್ತಿ ಕೊಡುವ ಪುಸ್ತಕ ಕೊಳ್ಳುವವರು ಎಲ್ಲರೂ. ಆಟಗಾರರು ಕೇಳುವುದೂ ಅದನ್ನೇ. 1985ರಲ್ಲಿ ಸಾಲದಲ್ಲಿ ಮುಳುಗಿದ್ದ ಟಿಎಸ್‌ಆರ್‌ಗೆ ಆಸರೆಯಾದದ್ದು 'ಅನ್‌ಅರ್ತ್ಡ್ ಆರ್ಕೇನಾ'. ಬಹುಪಾಲು ಗೈಗ್ಯಾಕ್ಸ್ 'ಡ್ರ್ಯಾಗನ್' ಪತ್ರಿಕೆಗೆ ಬರೆದಿದ್ದ ಸಾಮಗ್ರಿಯನ್ನೇ ಅವಸರದಲ್ಲಿ ಕಟ್ಟಿಕೊಟ್ಟ ಪುಸ್ತಕ. ಅದರ ಕ್ಯಾವಲಿಯರ್, ಬಾರ್ಬೇರಿಯನ್ ವರ್ಗಗಳು ಮೂಲ ಹೋರಾಟಗಾರನನ್ನು ಮೂಲೆಗೆ ತಳ್ಳಿದವು. 1989ರಲ್ಲಿ ಎರಡನೆಯ ಆವೃತ್ತಿ ಬಂತು. ಆ ವರ್ಷವೇ ಹೋರಾಟಗಾರನಿಗೊಂದು ಕೈಪಿಡಿ ಬಂದು, ಆಮೇಲೆ ಒಂದೊಂದು ವರ್ಗಕ್ಕೂ ಕುಲಕ್ಕೂ ಸಾಲಾಗಿ ಬರುತ್ತಾ ಹೋದವು. 1991ರ 'ವ್ಯಾಂಪೈರ್: ದ ಮಾಸ್ಕರೇಡ್' ಆಟದ ವೈಟ್ ವುಲ್ಫ್ ಕಂಪನಿಯೂ ಅದೇ ದಾರಿ ಹಿಡಿದು ರಕ್ತಪಿಪಾಸುಗಳ ಒಂದೊಂದು ಕುಲಕ್ಕೆ ಒಂದೊಂದು ಪುಸ್ತಕ ತಂದಿತು. ಜೊತೆಗೆ, ಪುರವಣಿಯಿಂದ ಪುರವಣಿಗೆ ತಾನೇ ಮುಂದುವರಿಯುವ ಒಂದು ಮಹಾಕಥೆಯನ್ನೂ ಹೆಣೆಯಿತು. ಓದಲು ಅದು ಸೊಗಸು. ಮೇಜಿನ ಮೇಲೆ ಮಾತ್ರ ತೊಡಕು: ಲೋಕದ ಗತಿಯನ್ನು ಬದಲಿಸುವವರು ಲೇಖಕರೇ ಆದಮೇಲೆ ಆಟಗಾರರಿಗೆ ಉಳಿದದ್ದು ನೋಡುವ ಕೆಲಸ. 2004ರಲ್ಲಿ ಕಂಪನಿ ಆ ಲೋಕವನ್ನೇ ಅಂತ್ಯಗೊಳಿಸಿತು. 2011ರಲ್ಲಿ, ಆಟಕ್ಕೆ ಇಪ್ಪತ್ತು ತುಂಬಿದ ನೆಪದಲ್ಲಿ, ಅಭಿಮಾನಿಗಳ ಒಲವಿಗೆ ಓಗೊಟ್ಟು ಮತ್ತೆ ಜೀವ ಕೊಟ್ಟದ್ದೂ ನಡೆಯಿತು.

ಟಿಎಸ್‌ಆರ್ ಬೇಡಿಕೆಯ ದಾರಿಯಲ್ಲಿ ಇನ್ನೂ ದೂರ ಹೋಯಿತು. 'ರೇವನ್‌ಲಾಫ್ಟ್', 'ಡಾರ್ಕ್ ಸನ್', 'ಅಲ್-ಖಾದಿಮ್', 'ಪ್ಲೇನ್‌ಸ್ಕೇಪ್', 'ಬರ್ತ್‌ರೈಟ್': 1990ರಿಂದ 1995ರೊಳಗೆ ಹೊಸ ಹೊಸ ಲೋಕಗಳು, ಒಂದೊಂದಕ್ಕೂ ತನ್ನದೇ ಪುರವಣಿಗಳ ಸಾಲು. ಕಲ್ಪನೆಯ ದೃಷ್ಟಿಯಿಂದ ಇದು ಸಂಪನ್ನ ಕಾಲ. ನೀರಿಲ್ಲದ, ದೇವರಿಲ್ಲದ, ಲೋಹವೂ ಅಪರೂಪವಾದ 'ಡಾರ್ಕ್ ಸನ್'ನಂಥ ಮರುಭೂಮಿ ಈ ಪ್ರಕಾರದಲ್ಲಿ ಅಲ್ಲಿಯವರೆಗೆ ಬಂದಿರಲಿಲ್ಲ. ವ್ಯಾಪಾರದ ದೃಷ್ಟಿಯಿಂದ ಆತ್ಮಹತ್ಯೆ. 'ಡಾರ್ಕ್ ಸನ್' ಒಲಿದವನು 'ಬರ್ತ್‌ರೈಟ್' ಕೊಳ್ಳಲಿಲ್ಲ. ಒಂದೇ ಆಟದ ಓದುಗರು ಹಲವು ಹೋಳಾದರು, ಖರ್ಚು ಮಾತ್ರ ಪ್ರತಿ ಹೋಳಿಗೂ ಪೂರ್ತಿ. 1997ರಲ್ಲಿ ಟಿಎಸ್‌ಆರ್ ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪನಿಯ ಪಾಲಾಯಿತು. ವಿಝರ್ಡ್ಸ್ ಪರವಾಗಿ ಲೆಕ್ಕಪತ್ರ ನೋಡಿದ ರಯಾನ್ ಡ್ಯಾನ್ಸಿ, ಟಿಎಸ್‌ಆರ್ ಸತ್ತದ್ದು ಗ್ರಾಹಕರ ದನಿಗೆ ಕಿವುಡಾಗಿದ್ದರಿಂದ ಎಂದು ತೀರ್ಮಾನಿಸಿದರು. ಇದು ಅರ್ಧ ಸತ್ಯ ಎಂದು ನನ್ನ ಅಭಿಪ್ರಾಯ. ಒಂದೊಂದು ಗುಂಪಿನ ಕೂಗಿಗೂ ಒಂದೊಂದು ಲೋಕ ಕೊಟ್ಟ ಕಂಪನಿಯನ್ನು ಕಿವುಡು ಎನ್ನುವುದು ಹೇಗೆ? ಅದಕ್ಕೆ ಕೂಗು ಕೇಳಿಸುತ್ತಿತ್ತು. ಮೇಜಿನ ಮೇಲೆ ಯಾವ ಪುಸ್ತಕ ನಿಜವಾಗಿ ಬಳಕೆಯಾಗುತ್ತಿದೆ, ಯಾವುದು ಕಪಾಟಿನಲ್ಲೇ ಉಳಿದಿದೆ ಎಂಬುದು ಕಾಣುತ್ತಿರಲಿಲ್ಲ.

ಡ್ಯಾನ್ಸಿ ಕಂಡುಕೊಂಡ ಪರಿಹಾರ ಮಾತ್ರ ಈ ಪರಂಪರೆಯ ಅತಿ ದೊಡ್ಡ ತಿರುವು. 2000ದಲ್ಲಿ ಮೂರನೆಯ ಆವೃತ್ತಿಯ ಜೊತೆ ಬಂದ ಓಪನ್ ಗೇಮ್ ಲೈಸೆನ್ಸ್, ಅಂದರೆ ಓಜಿಎಲ್, ಆಟದ ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಪುರವಣಿ ಬರೆದು ಮಾರಲು ಅನುವು ಮಾಡಿತು. ಹಾರ್‌ಗ್ರೇವ್‌ಗೆ ನೋಟೀಸು ತಂದ ಕೆಲಸ ಈಗ ಕರಾರಿನ ಮೂಲಕ ಹಕ್ಕಾಯಿತು. ಮೊದಲ ವರ್ಷಗಳಲ್ಲಿ ಕಳಪೆ ಪುಸ್ತಕಗಳ ಪ್ರವಾಹವೇ ಹರಿಯಿತು, ಅಂಗಡಿಗಳಲ್ಲಿ ಮಾರಾಟವಾಗದ ದಾಸ್ತಾನು ಬೆಳೆಯಿತು. ಆ ಪ್ರವಾಹ ಇಳಿದ ಮೇಲೆ ಅದರ ಬೆಲೆ ತಿಳಿದದ್ದು. 2008ರಲ್ಲಿ ವಿಝರ್ಡ್ಸ್ ನಾಲ್ಕನೆಯ ಆವೃತ್ತಿಗೆ ಹೊರಳಿ, ಬಿಗಿಯಾದ ಬೇರೆ ಪರವಾನಗಿ ತಂದಿತು. 'ಡ್ರ್ಯಾಗನ್' ಪತ್ರಿಕೆ ನಡೆಸುತ್ತಿದ್ದ ಪೈಝೋ ಅಷ್ಟರಲ್ಲಿ ಆ ಪತ್ರಿಕೆಯ ಪರವಾನಗಿ ಕಳೆದುಕೊಂಡಿತ್ತು. ಅದು ಹಳೆಯ ನಿಯಮಗಳನ್ನೇ ತಿದ್ದಿ, ಕರಡನ್ನು ಆಟಗಾರರ ಕೈಗೆ ಉಚಿತವಾಗಿ ಕೊಟ್ಟು ಆಡಿಸಿ, 2009ರಲ್ಲಿ 'ಪಾತ್‌ಫೈಂಡರ್' ಪ್ರಕಟಿಸಿತು. ಜನ ಬಿಡಲೊಲ್ಲದ ಆಟವನ್ನು ಒಡೆಯ ಬಿಟ್ಟರೂ ಓಜಿಎಲ್ ಬಿಡಲಿಲ್ಲ.

ಈ ಪೆಟ್ಟಿನಿಂದ ವಿಝರ್ಡ್ಸ್ ಪಾಠ ಕಲಿಯಿತು, ಅರ್ಧ ಸರಿಯಾಗಿ, ಅರ್ಧ ತಪ್ಪಾಗಿ. 2012ರಿಂದ ಸಾರ್ವಜನಿಕ ಪ್ಲೇಟೆಸ್ಟ್ ನಡೆಸಿ 2014ರಲ್ಲಿ ಐದನೆಯ ಆವೃತ್ತಿ ತಂದಿತು. ಆಮೇಲೆ ತೋರಿದ ಸಂಯಮ ಮೆಚ್ಚತಕ್ಕದ್ದು: ವರ್ಷಕ್ಕೆ ಕೆಲವೇ ಪುಸ್ತಕ, ನಿಯಮಗಳನ್ನು ದೊಡ್ಡ ಮಟ್ಟದಲ್ಲಿ ವಿಸ್ತರಿಸಿದ ಮೊದಲ ಪುರವಣಿ 'ಝ್ಯಾನಥಾರ್ಸ್ ಗೈಡ್ ಟು ಎವ್ರಿಥಿಂಗ್' ಬಂದದ್ದು 2017ರಲ್ಲಿ. ಉಳಿದ ಹಸಿವಿಗೆ 2016ರಲ್ಲಿ ಡಿಎಮ್ಸ್ ಗಿಲ್ಡ್ ಎಂಬ ಮಾರುಕಟ್ಟೆ ತೆರೆದು, ಅಭಿಮಾನಿಗಳು ಬರೆದದ್ದನ್ನು ಅವರೇ ಮಾರಲು ಬಿಟ್ಟಿತು. ಆದಾಯದಲ್ಲಿ ಲೇಖಕರ ಪಾಲು ಅರ್ಧ. ಇದು ಸರಿಯಾದ ಅರ್ಧ.

ತಪ್ಪಾದ ಅರ್ಧ ಸಮೀಕ್ಷೆ. 'ಅನ್‌ಅರ್ತ್ಡ್ ಆರ್ಕೇನಾ' ಎಂಬ ಹಳೆಯ ಹೆಸರಿನಲ್ಲೇ 2015ರಿಂದ ಕರಡು ನಿಯಮಗಳನ್ನು ಬಿಡುಗಡೆ ಮಾಡಿ, ಆಟಗಾರರಿಂದ ಅಭಿಪ್ರಾಯ ಕೇಳುವ ಪದ್ಧತಿ ಬಂತು. ಸುಮಾರು ಶೇ 70ರಷ್ಟು ಜನ ಒಪ್ಪಿದರೆ ಮುಂದಿನ ಹೆಜ್ಜೆ, ಇಲ್ಲವಾದರೆ ಕಸದ ಬುಟ್ಟಿ. ಕೇಳಲು ಇದು ಪ್ರಜಾಸತ್ತಾತ್ಮಕ. ಫಲ ನೋಡಿ. 2014ರ ರೇಂಜರ್, ಅಂದರೆ ಕಾಡಿನ ಬೇಟೆಗಾರ ವರ್ಗ, ದುರ್ಬಲ ಎಂದು ಆಟಗಾರರು ದೂರಿದರು. 2015ರಲ್ಲಿ ಒಂದು ಕರಡು ಬಂತು, 2016ರಲ್ಲಿ ಇನ್ನೊಂದು ಪೂರ್ಣ ಪರಿಷ್ಕರಣೆ ಬಂತು, ಎರಡೂ ಪುಸ್ತಕ ಸೇರಲಿಲ್ಲ. 2020ರ 'ಟಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್'ನಲ್ಲಿ ಕೆಲವು ಐಚ್ಛಿಕ ತೇಪೆಗಳು ಬಂದವು. 2024ರ ಹೊಸ ಪುಸ್ತಕದ ರೇಂಜರ್ ಬಗ್ಗೆಯೂ ಗೊಣಗಾಟ ನಿಂತಿಲ್ಲ. ಮನೋಬಲದ ಮಿಸ್ಟಿಕ್ ವರ್ಗದ ಕಥೆ ಇನ್ನೂ ಕೆಡುಕು. 2015ರಿಂದ 2017ರವರೆಗೆ ಮೂರು ಕರಡು, ಒಂದಕ್ಕಿಂತ ಒಂದು ದೊಡ್ಡದು. ಒಬ್ಬೊಬ್ಬರಿಗೆ ಒಂದೊಂದು ಅಂಗ ಹಿಡಿಸಲಿಲ್ಲ. 2020ರಲ್ಲಿ ಇಡೀ ವರ್ಗವನ್ನೇ ಕೈಬಿಟ್ಟು, ಅದರ ಚೂರುಗಳನ್ನು ಹಳೆಯ ವರ್ಗಗಳಿಗೆ ಹಂಚಿದರು.

ಮತಗಣನೆಯ ದೋಷ ಇಲ್ಲಿದೆ: ಬಹುಮತಕ್ಕೆ ಒಪ್ಪಿಗೆಯಾಗುವುದು ಪರಿಚಿತವಾದದ್ದು ಮಾತ್ರ. 1974ರಲ್ಲಿ ಕಳ್ಳನ ವರ್ಗವನ್ನು ಹೀಗೆ ಮತಕ್ಕೆ ಹಾಕಿದ್ದರೆ ಪುರೋಹಿತನೂ ಹೋರಾಟಗಾರನೂ ಇರುವಾಗ ಇವನೇಕೆ ಎಂದು ಬಹುಮಂದಿ ಕೇಳುತ್ತಿದ್ದರು. ಬುದ್ಧಿಸ್ತಿಮಿತ ಕುಸಿಯುತ್ತ ಹೋಗಿ ಕೊನೆಗೆ ಪಾತ್ರವೇ ಹುಚ್ಚಾಗುವ ಆಟಕ್ಕೆ 1981ರಲ್ಲಿ ಶೇ 70 ಮತ ಬೀಳುತ್ತಿತ್ತೆಂದು ನಂಬುವುದು ಕಷ್ಟ. ಓದಿ ಮತ ಹಾಕುವವನಿಗೂ ಆರು ತಿಂಗಳು ಆಡಿ ನೋಡಿದವನಿಗೂ ವ್ಯತ್ಯಾಸವಿದೆ. ಸಮೀಕ್ಷೆಯ ಅಂಕಿಯಲ್ಲಿ ಇಬ್ಬರೂ ಒಂದೇ. ಬೇಡಿಕೆಗೆ ಮಣಿದೂ ಸೊರಗಿದ ಇನ್ನೊಂದು ನಿದರ್ಶನ 2022ರ 'ಸ್ಪೆಲ್‌ಜ್ಯಾಮರ್'. ನಕ್ಷತ್ರಗಳ ನಡುವೆ ಹಡಗು ತೇಲಿಸುವ ಈ ಹಳೆಯ ಲೋಕ ಮರಳಿ ಬರಲೆಂದು ಅಭಿಮಾನಿಗಳು ವರ್ಷಗಟ್ಟಲೆ ಕೇಳಿದ್ದರು. ಬಂದದ್ದು 64 ಪುಟಗಳ ಮೂರು ತೆಳು ಪುಸ್ತಕ. ಹಡಗಿನ ಕಾಳಗದ ನಿಯಮಗಳೇ ಹೆಸರಿಗಷ್ಟೇ ಇದ್ದವು. ಹೆಸರು ಕೇಳಿದ್ದರು, ಹೆಸರು ಕೊಟ್ಟರು.

ಇದಕ್ಕೆ ಎದುರಾಗಿ ನಿಲ್ಲುವುದು ಎಬರಾನ್. 2002ರಲ್ಲಿ ವಿಝರ್ಡ್ಸ್ ಹೊಸ ಲೋಕಕ್ಕಾಗಿ ಬಹಿರಂಗ ಆಹ್ವಾನ ಕೊಟ್ಟಿತು, 11,000ಕ್ಕೂ ಹೆಚ್ಚು ಪ್ರಸ್ತಾವ ಬಂದವು. ಯಾವುದನ್ನೂ ಜನಮತಕ್ಕೆ ಹಾಕದೆ, ಓದಿ, ಸೋಸಿ, ಕೀತ್ ಬೇಕರ್ ಅವರ ಒಂದನ್ನು ಆರಿಸಿತು. 2004ರಲ್ಲಿ ಬಂದ ಆ ಲೋಕದಲ್ಲಿ ಮಂತ್ರಶಕ್ತಿಯಿಂದ ರೈಲು ಓಡುತ್ತದೆ, ಯುದ್ಧಕ್ಕಾಗಿ ತಯಾರಿಸಿದ ಯಂತ್ರಮಾನವರು ಯುದ್ಧ ಮುಗಿದ ಮೇಲೆ ಬದುಕು ಹುಡುಕುತ್ತಾರೆ. ಒಬ್ಬನ ತಲೆಯಲ್ಲಿ ಪೂರ್ತಿ ಮೂಡಿದ ಲೋಕವನ್ನು ಸಂಪಾದಕರು ಗುರುತಿಸಿದ್ದರ ಫಲ ಇದು. ಅಭಿಮಾನಿಗಳಿಗೆ ಬಾಗಿಲು ತೆರೆದಿಡುವುದೂ ತೀರ್ಪನ್ನು ಅವರಿಗೇ ಒಪ್ಪಿಸುವುದೂ ಬೇರೆ ಬೇರೆ.

ಮೂರನೆಯ ಬಗೆಯಾದ ತಕರಾರು ಈ ವಾದಕ್ಕೆ ಒಂದು ಮಿತಿ ಹಾಕುತ್ತದೆ. ಮೇಜಿನಲ್ಲಿ ನಡೆದದ್ದನ್ನು ಗುರುತಿಸಿ ಎಂದು ನಾನು ಹೇಳುತ್ತಿರುವಾಗ, ಆ ಮೇಜಿಗೆ ಕರೆಯದೇ ಉಳಿದವರ ಗತಿಯೇನು? ಈ ಪ್ರಶ್ನೆಯಲ್ಲಿ ನಮಗೂ ಪಾಲಿದೆ. 1976ರ ನಾಲ್ಕನೆಯ ಪುರವಣಿಯಲ್ಲೇ ಭಾರತದ ದೇವತೆಗಳು ಇದ್ದರು. 1980ರ 'ಡೀಟೀಸ್ ಅಂಡ್ ಡೆಮಿಗಾಡ್ಸ್'ನಲ್ಲಿ ಇಂದ್ರ, ಅಗ್ನಿ, ವಿಷ್ಣು, ಕಾಳಿಯರಿಗೆ ಎಷ್ಟು ಪೆಟ್ಟು ಬಿದ್ದರೆ ಸಾಯುತ್ತಾರೆ ಎಂಬ ಅಂಕಿ ಕೊಡಲಾಗಿತ್ತು. ಈ ಆಟದ ರಾಕ್ಷಸನನ್ನು ಗೈಗ್ಯಾಕ್ಸ್ ಎತ್ತಿಕೊಂಡದ್ದು ರಾಮಾಯಣದಿಂದಲ್ಲ, 'ಕೋಲ್ಚಾಕ್' ಎಂಬ ಅಮೆರಿಕದ ಟಿವಿ ಸರಣಿಯ ಒಂದು ಕಂತಿನಿಂದ. ಮಂತ್ರಿಸಿದ ಬಾಣ ತಗುಲಿದರೆ ಸಾಯುವ ಅವನು 1977ರ 'ಮಾನ್‌ಸ್ಟರ್ ಮ್ಯಾನ್ಯುಯಲ್' ಚಿತ್ರದಲ್ಲಿ ಹುಲಿಯ ತಲೆ ಹೊತ್ತು ಪೈಪು ಹಿಡಿದು ಕೂತಿದ್ದಾನೆ. ನಮ್ಮ ಕೂಗು ತಲುಪದ ಕಾಲದ ಪುರವಣಿಗಳು ಹೀಗಿದ್ದವು.

ಎಲ್ಲ ತಕರಾರೂ ಒಂದೇ ತೂಕದ್ದಲ್ಲ. ಈ ಆಟ ಸೈತಾನನ ಪೂಜೆ ಎಂದು ಅಮೆರಿಕದ ಕೆಲವು ಧಾರ್ಮಿಕರೂ ಪೋಷಕರೂ 1980ರ ದಶಕದಲ್ಲಿ ಗುಲ್ಲೆಬ್ಬಿಸಿದಾಗ, ಟಿಎಸ್‌ಆರ್ ಎರಡನೆಯ ಆವೃತ್ತಿಯಿಂದ ಡೆವಿಲ್, ಡೀಮನ್ ಎಂಬ ಹೆಸರುಗಳನ್ನೇ ತೆಗೆಯಿತು. 1991ರಲ್ಲಿ ಅದೇ ಪ್ರಾಣಿಗಳನ್ನು ಬೇರೆ ಹೆಸರಿಟ್ಟು ಪುರವಣಿಯಲ್ಲಿ ಮಾರಿತು. ಆಡದವರ ಹೆದರಿಕೆಗೆ ಮಣಿದು, ಆಡುವವರಿಗೆ ಹಿಂಬಾಗಿಲಿನಿಂದ ಬಡಿಸಿದ ಪರಿ ಇದು. 2020ರ ತಕರಾರು ಬೇರೆ ಜಾತಿಯದು, ಆಡುವವರ ಒಳಗಿನಿಂದಲೇ ಬಂದದ್ದು. ರೇವನ್‌ಲಾಫ್ಟ್ ಲೋಕದ ವಿಸ್ತಾನಿ ಜನರಲ್ಲಿ ಯುರೋಪಿನ ರೋಮಾ ಜನಾಂಗದ ಬಗೆಗಿನ ಹಳೆಯ ಹಗೆಯ ಚಿತ್ರಗಳೇ ತುಂಬಿದ್ದವು. 2016ರ 'ಕರ್ಸ್ ಆಫ್ ಸ್ಟ್ರಾಡ್' ಅವನ್ನೇ ಮುಂದುವರಿಸಿತ್ತು. 2020ರಲ್ಲಿ ವಿಝರ್ಡ್ಸ್ ಇದನ್ನು ಒಪ್ಪಿ, ತಿದ್ದುವುದಾಗಿ ಪ್ರಕಟಿಸಿತು. ಆದರೂ 2022ರ 'ಸ್ಪೆಲ್‌ಜ್ಯಾಮರ್'ನಲ್ಲಿ ಕೋತಿಯಂಥ ಹಾಡೋಝೀ ಕುಲಕ್ಕೆ ಗುಲಾಮಗಿರಿಯ ಪೂರ್ವಕಥೆ ಬರೆದು, ಕಪ್ಪುಜನರ ಬಗೆಗಿನ ಹಳೆಯ ಅವಹೇಳನವನ್ನು ನೆನಪಿಸಿ, ವಾರಗಳಲ್ಲೇ ಆ ಸಾಲುಗಳನ್ನು ಅಳಿಸಬೇಕಾಯಿತು. ತಪ್ಪಾದ ಮೇಲೆ ಸಾಲು ಅಳಿಸುವುದು ಸುಲಭ, ಬರೆಯುವ ಮೇಜಿಗೆ ಬೇರೆಯವರನ್ನು ಕೂರಿಸುವುದು ಕಷ್ಟ.

ಆ ಕಷ್ಟದ ಕೆಲಸ ನಡೆದಲ್ಲಿ ಪುಸ್ತಕವೇ ಬೇರೆಯಾಗಿದೆ. 1993ರ 'ವೆಬ್ ಆಫ್ ಇಲ್ಯೂಷನ್'ನಲ್ಲಿ ಬಂದ ಶ್ರೀ ರಾಜಿ ಎಂಬ ನಾಡು ಕಾಡು, ಹುಲಿ, ರಾಕ್ಷಸರ ಕಲಸುಮೇಲೋಗರವಾಗಿತ್ತು. 2021ರ 'ವ್ಯಾನ್ ರಿಕ್ಟನ್ಸ್ ಗೈಡ್ ಟು ರೇವನ್‌ಲಾಫ್ಟ್'ನಲ್ಲಿ ಭಾರತೀಯ ಮೂಲದ ಅಜಿತ್ ಜಾರ್ಜ್ ಅದನ್ನು ಕಲಕೇರಿ ಎಂಬ ರಾಜ್ಯವಾಗಿ ಮರುರಚಿಸಿದರು. ಧಾರವಾಡದ ಕಡೆಯವರಿಗೆ ಆ ಹೆಸರು ಹೊಸದಲ್ಲ. ಆಟದ ಕಲಕೇರಿಯಲ್ಲಿ ಭಯ ಹುಟ್ಟುವುದು ವಿಚಿತ್ರ ಪ್ರಾಣಿಗಳಿಂದಲ್ಲ, ಪಟ್ಟಕ್ಕಾಗಿ ಕಾದಾಡುವ ಒಡಹುಟ್ಟಿದವರಿಂದ. ಮರುವರ್ಷದ 'ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಾಡೆಲ್' ಸಂಕಲನದ ಕಥೆಗಳನ್ನೆಲ್ಲ ಬಿಳಿಯರಲ್ಲದ ಲೇಖಕರೇ ಬರೆದರು. ಕೋಲ್ಕತ್ತ ಮೂಲದ ಮಿಮಿ ಮಂಡಲ್ ಬರೆದ 'ಇನ್ ದ ಮಿಸ್ಟ್ಸ್ ಆಫ್ ಮಣಿವರ್ಷ' ಬಂಗಾಳದ ನದೀಸೀಮೆಯ ನೆನಪಿನಿಂದ ಎದ್ದದ್ದು. ಇಲ್ಲಿಯೂ ಮೊದಲ ಬಗೆಯದೇ ಗೆಲುವು. ತಕರಾರಿಗೆ ಸರಿಯಾದ ಉತ್ತರ ಕ್ಷಮೆಯ ಹೇಳಿಕೆಯಲ್ಲ, ತಕರಾರು ಹೇಳಿದವರ ಕೈಗೆ ಲೇಖನಿ.

ಲೇಖನಿ ಯಾರ ಕೈಯಲ್ಲಿರಬೇಕು ಎಂಬ ಈ ಪ್ರಶ್ನೆಯೇ 2023ರ ಜನವರಿಯಲ್ಲಿ ಸ್ಫೋಟಿಸಿತು. ಓಜಿಎಲ್ ಅನ್ನು ರದ್ದುಮಾಡಿ, ದೊಡ್ಡ ಆದಾಯದ ಪ್ರಕಾಶಕರಿಂದ ಪಾಲು ಕೇಳುವ ಹೊಸ ಕರಾರನ್ನು ವಿಝರ್ಡ್ಸ್ ಸಿದ್ಧಪಡಿಸಿದೆ ಎಂಬ ಸುದ್ದಿ ಸೋರಿತು. ಇಪ್ಪತ್ತು ವರ್ಷ ಓಜಿಎಲ್ ಅನ್ನು ನಂಬಿ ಬದುಕು ಕಟ್ಟಿಕೊಂಡಿದ್ದ ಸಣ್ಣ ಪ್ರಕಾಶಕರೂ ಅವರ ಓದುಗರೂ ತಿರುಗಿಬಿದ್ದರು. ಕಂಪನಿ ಕರಡನ್ನು ಮೃದುಗೊಳಿಸಿ, ರೂಢಿಯಂತೆ ಸಮೀಕ್ಷೆಗಿಟ್ಟಿತು. 15,000ಕ್ಕೂ ಹೆಚ್ಚು ಉತ್ತರ ಬಂದವು, ಹೊಸ ಕರಾರಿನಡಿ ಪ್ರಕಟಿಸಲು ಬಯಸುವುದಿಲ್ಲ ಎಂದವರು ಶೇ 88. ಜನವರಿ 27ರಂದು ಕಂಪನಿ ಪ್ರಸ್ತಾವ ಹಿಂತೆಗೆದುಕೊಂಡಿತು, ಐದನೆಯ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಸಮೀಕ್ಷೆಯನ್ನು ಇಷ್ಟು ದೂರಿದ ಮೇಲೆ ಇದನ್ನೂ ಹೇಳಬೇಕು: ಯಾವ ಮಂತ್ರ ಬೇಕು, ಯಾವ ವರ್ಗ ಬೇಕು ಎಂಬುದಕ್ಕೆ ಮತಗಣನೆ ಕೆಟ್ಟ ಅಳತೆ, ನಿಮ್ಮ ಹಕ್ಕನ್ನು ಕಿತ್ತುಕೊಳ್ಳಬಹುದೇ ಎಂಬುದಕ್ಕೆ ಅದೇ ಸರಿಯಾದ ಅಳತೆ.

ಪರಂಪರೆಯನ್ನು ಒಟ್ಟಾಗಿ ತೂಗಿದರೆ ನನ್ನ ತೀರ್ಪು ಇದು. ಪುರವಣಿ ಎಂಬ ಪ್ರಕಾರ ಹುಟ್ಟಿದ್ದು ವ್ಯಾಪಾರದ ಒತ್ತಡದಿಂದ, ಬದುಕಿರುವುದು ಆಟಗಾರರ ಸೃಷ್ಟಿಯಿಂದ. ಕಳ್ಳ, ಗಿಥ್ಯಾಂಕಿ, ಫರ್ಗಾಟನ್ ರೆಲ್ಮ್ಸ್, ಕಾಲ್ ಆಫ್ ಕಥೂಲು, ಎಬರಾನ್, ಮಣಿವರ್ಷ, ಇವು ಯಾವುವೂ ಬೇಡಿಕೆಯ ಪಟ್ಟಿಯಿಂದ ಎದ್ದವಲ್ಲ. ಯಾರೋ ಒಬ್ಬರು ಕೇಳುವುದನ್ನು ಬಿಟ್ಟು ಮಾಡಿಯೇ ಬಿಟ್ಟಿದ್ದರು, ಪ್ರಕಾಶಕರಿಗೆ ಅದನ್ನು ಕಾಣುವ ಕಣ್ಣಿತ್ತು. ಆ ಕಣ್ಣು ಮಂಜಾದ ಕಾಲದಲ್ಲೆಲ್ಲ ಪುಸ್ತಕಗಳ ಸಂಖ್ಯೆ ಏರಿದೆ, ನೆನಪಿನಲ್ಲಿ ಉಳಿದ ಪುಸ್ತಕಗಳು ಕಡಿಮೆಯಾಗಿವೆ.

ಕನ್ನಡದ ಓದುಗರಿಗೆ ಇದರಲ್ಲಿ ಒಂದು ಕೆಲಸದ ಮಾತಿದೆ. ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿರುವ ಆ ನಿಯಮಗಳ ದಾಖಲೆಯನ್ನು ಅನುವಾದಿಸಲು, ತಿದ್ದಲು, ಅದರ ಮೇಲೆ ಸಾಹಸಕಥೆ ಬರೆದು ಮಾರಲು ಯಾರ ಅಪ್ಪಣೆಯೂ ಬೇಕಿಲ್ಲ. ಮೂಲವನ್ನು ಹೆಸರಿಸಿ, ಏನು ಬದಲಿಸಿದ್ದೀರೆಂದು ತಿಳಿಸಿದರೆ ಸಾಕು. ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಿಗೆ ಕಂಪನಿಯೇ ಅದನ್ನು ಕೊಟ್ಟಿದೆ. ಕನ್ನಡಕ್ಕೆ ಬೇಕೆಂದು ಕಂಪನಿಗೆ ಮನವಿ ಬರೆಯುತ್ತ ಕೂರುವ ಬದಲು, ಮೇಜು ಹಾಕಿ ಆಡಲು ಕೂರಿ, ಬೇಕಾದ್ದನ್ನು ನೀವೇ ಬರೆಯಿರಿ.